ಮೊಸರ್ ಸಾರ್ ಕಟ್ಟಿದ ಉಯ್ಯಾಲೆ

ನಮ್ಮಪ್ಪನ ಹೆಸರು ಎಮಿಲ್ ಮೊಸರ್. ಗಂಗಾನಗರದ ನಮ್ಮ ಬೀದಿಯಲ್ಲಿ ಈ ಹೆಸರನ್ನು ಮೊದಲ ಸಲ ಕೇಳಿ ನಗದೆ ಉಳಿದವರನ್ನು ನಾನು ಕಂಡಿಲ್ಲ. ದೊಡ್ಡವರು ಮರ್ಯಾದೆಯಿಂದ ‘ಮೊಸರ್ ಸಾರ್’ ಅನ್ನುತ್ತಿದ್ದರು. ಹುಡುಗರು ಬೇಲಿಯ ಮರೆಯಲ್ಲಿ ನಿಂತು ‘ಮೊಸರೂ ಸಾರೂ ಆಯ್ತು, ಅನ್ನ ಎಲ್ಲಿ ಅಂಕಲ್?’ ಎಂದು ಕೂಗಿ ಓಡುತ್ತಿದ್ದರು. ಅಪ್ಪ ಸೈಕಲ್ಲಿನ ಮೇಲಿಂದಲೇ ತಿರುಗಿ, ‘ಅನ್ನ ನಿಮ್ಮನೇಲಿದೆ, ತಗೊಂಡ್ ಬನ್ರೋ, ಒಟ್ಟಿಗೆ ಊಟ ಮಾಡೋಣ’ ಎಂದು ಅಷ್ಟೇ ಜೋರಾಗಿ ಕೂಗುತ್ತಿದ್ದ. ಅದನ್ನು ನಿಜವೆಂದುಕೊಂಡು ಒಬ್ಬಿಬ್ಬರು ಊಟದ ಹೊತ್ತಿಗೆ ಸರಿಯಾಗಿ ಬಂದದ್ದೂ ಉಂಟು. ಅವರಿಗೆ ತಟ್ಟೆ ಸಿಗುತ್ತಿತ್ತು. ಅಜ್ಜ, ಅಂದರೆ ಅಪ್ಪನ ಅಪ್ಪ, ಸ್ವಿಟ್ಜರ್ಲೆಂಡಿನ ಯಾವುದೋ ಬೆಟ್ಟದ ಊರಿನಿಂದ ನೇಯ್ಗೆಯ ಯಂತ್ರಗಳನ್ನು ಜೋಡಿಸಲು ಬಂದು, ಹುಬ್ಬಳ್ಳಿಯ ಹುಡುಗಿಯನ್ನು ಮದುವೆಯಾಗಿ, ಅಲ್ಲೇ ಮಣ್ಣಾದವರು. ಅಪ್ಪ ಹುಟ್ಟಿದ್ದು, ಓದಿದ್ದು, ಗೋಲಿ ಆಡಿದ್ದು, ಅವ್ವನನ್ನು ಮೆಚ್ಚಿದ್ದು ಎಲ್ಲವೂ ಹುಬ್ಬಳ್ಳಿಯಲ್ಲೇ; ಗಂಗಾನಗರಕ್ಕೆ ಬಂದದ್ದು ಕೆಲಸ ಸಿಕ್ಕ ಮೇಲೆ. ಸ್ವಿಟ್ಜರ್ಲೆಂಡನ್ನು ಅವನು ಒಂದು ಸಲವೂ ನೋಡಿರಲಿಲ್ಲ. ಆದರೆ ಅಜ್ಜನ ಬೂದುಗಣ್ಣು, ಬಿಸಿಲು ಬಿದ್ದರೆ ಟೊಮೇಟೊ ಹಣ್ಣಾಗುವ ಚರ್ಮ, ಒಣಹುಲ್ಲಿನ ಬಣ್ಣದ ಕೂದಲು ಅವನಿಗೆ ಬಂದಿದ್ದವು. ಬಸ್ಸಿನಲ್ಲಿ ಕಂಡಕ್ಟರು ಇಂಗ್ಲಿಷಿಗೆ ಬಾಯಿ ತೆರೆಯುವ ಮೊದಲೇ ಅಪ್ಪ, ‘ಒಂದ್ ಯಶವಂತಪುರ ಕೊಡ್ರಿ, ಚಿಲ್ರೆ ಐತಿ’ ಅಂದುಬಿಡುತ್ತಿದ್ದ. ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ಪಕ್ಕದಲ್ಲಿ ಕೂತ ನನಗೆ ಆಗ ಎಂಥ ಹೆಮ್ಮೆ!

ಮೂರು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ತಗಡಿನ ಶೆಡ್ಡು, ಇಷ್ಟು ನಮ್ಮ ಮನೆ. ಕೆಂಪು ನೆಲಕ್ಕೆ ಅವ್ವ ಶನಿವಾರ ಶನಿವಾರ ಎಣ್ಣೆ ಹಾಕಿ ಉಜ್ಜುತ್ತಿದ್ದಳು. ಉಜ್ಜಿ ಮುಗಿಸಿದ್ದೇ ತಡ, ನಾನೂ ತಮ್ಮ ಅರುಣನೂ ಸ್ಕೂಲಿನ ಕಾಲುಚೀಲ ಹಾಕಿಕೊಂಡು ಬೀದಿ ಬಾಗಿಲಿನಿಂದ ಅಡುಗೆಮನೆಯವರೆಗೆ ಜಾರುವ ಪಂದ್ಯ ಕಟ್ಟುತ್ತಿದ್ದೆವು. ನಡುಮನೆಯ ಒಂದು ಗೋಡೆಯಲ್ಲಿ ಅಜ್ಜನ ಮರದ ಶಿಲುಬೆ, ಎದುರು ಗೋಡೆಯ ಗೂಡಿನಲ್ಲಿ ಅವ್ವನ ತವರಿನಿಂದ ಬಂದ ಬಸವಣ್ಣ. ಸಂಜೆ ಎರಡರ ಮುಂದೆಯೂ ದೀಪ ಹಚ್ಚುವುದು ನನ್ನ ಕೆಲಸ. ಒಂದೇ ಬೆಂಕಿಕಡ್ಡಿಯಲ್ಲಿ ಎರಡನ್ನೂ ಹಚ್ಚಬೇಕೆಂದು ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ಶಿಲುಬೆಯ ದೀಪ ಹಚ್ಚಿ, ಅಂಗೈಯನ್ನು ಕಡ್ಡಿಗೆ ಮರೆಮಾಡಿ, ನಡುಮನೆಯನ್ನು ದಾಟಿ ಬಸವಣ್ಣನ ಹತ್ತಿರ ಹೋಗುವಷ್ಟರಲ್ಲಿ ಬೆರಳು ಚುರ್ ಅನ್ನುತ್ತಿತ್ತು. ಅಪ್ಪ ಮನೆಯಲ್ಲಿದ್ದರೆ ‘ಓಡು, ನೀಲಾ, ಓಡು!’ ಎಂದು ಚಪ್ಪಾಳೆ ತಟ್ಟುತ್ತಿದ್ದ. ದೇವರ ಮುಂದೆ ಇದೇನು ಆಟವೆಂದು ಅವ್ವ ಅಡುಗೆಮನೆಯಿಂದ ಗದರುತ್ತಿದ್ದಳು. ಆದರೆ ದೀಪ ಹತ್ತಿತೋ ಇಲ್ಲವೋ ಎಂದು ಅವಳೂ ಇಣುಕಿ ನೋಡುತ್ತಿದ್ದಳು. ಊಟದ ಮೇಜನ್ನು ಅಪ್ಪನೇ ಮಾಡಿದ್ದ. ಅದರ ಒಂದು ಬದಿಗೆ ಕೀಲು ಕೂಡಿಸಿದ ಹಲಗೆಯೊಂದಿತ್ತು; ಬೇಡದಾಗ ಅದನ್ನು ಕೆಳಗೆ ಇಳಿಬಿಡಬಹುದಿತ್ತು. ನೆಂಟರು ಬಂದಾಗ ಎತ್ತಿ ನಿಲ್ಲಿಸಿದರೆ ಮೇಜು ಉದ್ದವಾಗುತ್ತಿತ್ತು. ನನಗೆ ನೆನಪಿದ್ದಷ್ಟು ಕಾಲ ಆ ಹಲಗೆ ಮೇಲೆಯೇ ಇತ್ತು.

ಭಾನುವಾರದ ಬೆಳಗಿನ ಅಡುಗೆ ಅಪ್ಪನದು. ಹಿಂದಿನ ದಿನವೇ ಬೇಯಿಸಿಟ್ಟ ಆಲೂಗಡ್ಡೆಯನ್ನು ತುರಿದು, ಕಾವಲಿಯ ಮೇಲೆ ಬೆಣ್ಣೆ ಬಿಟ್ಟು, ದಪ್ಪಗೆ ತಟ್ಟಿ, ಎರಡೂ ಕಡೆ ಕೆಂಪಗೆ ಹುರಿಯುತ್ತಿದ್ದ. ಅಜ್ಜನಿಂದ ಕಲಿತ ಅದರ ಹೆಸರು ರೋಶ್ಟಿ. ಅವ್ವ ಗದಗಿನವಳು, ಅವಳ ಪಾಲಿಗೆ ರೊಟ್ಟಿ ಎಂದರೆ ಜೋಳದ್ದು. ‘ರೊಟ್ಟಿ ಅನ್ನಾಕ ಬರದ ನಿಮ್ಮ ಅಜ್ಜ ರೋಶ್ಟಿ ಅಂದ್ರು, ಅಷ್ಟೇ’ ಎಂದು ನಮಗೆ ಹೇಳಿ, ಅದರ ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡು ತಿನ್ನುತ್ತಿದ್ದಳು. ನಾನು ದೊಡ್ಡವಳಾಗಿ ನಿಜವಾದ ಸ್ವಿಸ್ ಹೋಟೆಲೊಂದರಲ್ಲಿ ರೋಶ್ಟಿ ತಿಂದಾಗ ಚಟ್ನಿಯಿಲ್ಲದೆ ಅದು ಸಪ್ಪೆಯಾಗಿತ್ತು. ಆಗಸ್ಟ್ ತಿಂಗಳ ಮೊದಲ ದಿನ ಅಪ್ಪ ಬಣ್ಣದ ಕಾಗದದ ಗೂಡುದೀಪ ಮಾಡಿ ಗೇಟಿಗೆ ತೂಗುಹಾಕುತ್ತಿದ್ದ. ಅದು ಅಜ್ಜನ ದೇಶದ ಹಬ್ಬ. ಬೀದಿಯ ಮಕ್ಕಳು ಅದನ್ನು ಸ್ವಾತಂತ್ರ್ಯ ದಿನದ ತಯಾರಿ ಎಂದುಕೊಂಡು ತಾವೂ ಒಂದೊಂದು ಮಾಡಿಸಿಕೊಂಡು ಹೋಗುತ್ತಿದ್ದರು. ಅಪ್ಪ ಯಾರನ್ನೂ ತಿದ್ದುತ್ತಿರಲಿಲ್ಲ. ಎರಡು ವಾರ ನಮ್ಮ ಬೀದಿ ಎರಡು ದೇಶಗಳ ಹಬ್ಬವನ್ನು ಒಟ್ಟಿಗೆ ಮಾಡುತ್ತಿತ್ತು.

ಯಶವಂತಪುರದ ಯಂತ್ರದ ಕಾರ್ಖಾನೆಯಲ್ಲಿ ಅಪ್ಪ ಫೋರ್‌ಮನ್. ಬೆಳಕು ಹರಿಯುವ ಮೊದಲೇ ಹೋಗಿ ಸಂಜೆ ಬಂದು, ಮುಖ ತೊಳೆದು, ಚಹಾ ಕುಡಿದು ಮತ್ತೆ ಹೊರಡುತ್ತಿದ್ದ. ಯಾರ ಮನೆಯದೋ ಪಂಪು ಕೆಟ್ಟಿದೆ, ಯಾರ ಅಜ್ಜಿಯನ್ನೋ ಆಸ್ಪತ್ರೆಗೆ ಕರೆದೊಯ್ಯಬೇಕು, ಯಾರದೋ ಮದುವೆಗೆ ಚಪ್ಪರ ಏಳಬೇಕು. ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದವನೂ ಅವನೇ. ಇಷ್ಟೆಲ್ಲದರ ನಡುವೆ ನಮ್ಮ ಬಚ್ಚಲುಮನೆಯ ಚಿಲಕ ಮುರಿದು ತಿಂಗಳುಗಳೇ ಆಗಿದ್ದವು. ಒಳಗೆ ಹೋದವರು ಹೊರಗಿನವರಿಗೆ ಗೊತ್ತಾಗುವಂತೆ ಜೋರಾಗಿ ಹಾಡಬೇಕಿತ್ತು. ಅರುಣ ಸಿನಿಮಾ ಹಾಡು ಹೇಳುತ್ತಿದ್ದ. ಆರ್.ಟಿ. ನಗರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ಅವ್ವ ಮಗ್ಗಿ ಹೇಳುತ್ತಿದ್ದಳು. ಮಗ್ಗಿಯ ನಡುವೆ ಸೋಪು ಕಣ್ಣಿಗೆ ಹೋದಾಗ ಅವಳ ಸಿಟ್ಟು ಏರುತ್ತಿತ್ತು.

“ಊರ ಮಂದೀದೆಲ್ಲಾ ರಿಪೇರಿ ಮಾಡ್ತೀರಿ, ನಮ್ಮನಿ ಚಿಲಕ ಕಣ್ಣಿಗೆ ಬೀಳೂದಿಲ್ಲೇನ್ರಿ?”

“ಮಾಡ್ತೀನಿ ಗಿರಿಜಾ. ಬರೂ ಭಾನುವಾರ ನಕ್ಕಿ.”

“ಯಾವ ಭಾನುವಾರ? ಅದಕ್ಕೊಂದು ಹೆಸರಿಟ್ಟು ಹೇಳ್ರಿ.”

ನಾವು ಮಕ್ಕಳು ನಗುತ್ತಿದ್ದೆವು. ಆದರೆ ಒಂದು ಸಲ ಈ ಜಗಳ ನಗೆಯಲ್ಲಿ ಮುಗಿಯಲಿಲ್ಲ. ಅಪ್ಪ ಜ್ವರ ಬಂದು ಮಲಗಿದ್ದ. ಬೀದಿಯವರೊಬ್ಬರು ಬಂದು, ಅವನ ಹಣೆ ಮುಟ್ಟಿ ನೋಡಿ, ಆಮೇಲೆ ನಿಧಾನವಾಗಿ ತಮ್ಮ ಮೋಟರಿನ ವಿಷಯ ತೆಗೆದರು. ಅಪ್ಪ ಸ್ವೆಟರ್ ಹಾಕಿಕೊಂಡು ಹೊರಟೇಬಿಟ್ಟ. ಅವನು ಹಿಂತಿರುಗಿದಾಗ ಅವ್ವ ಮೇಜಿನ ಹತ್ತಿರ ಕೂತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

“ಇವರೆಲ್ಲಾ ನಿಮ್ಮನ್ನ ಕೆಲಸಕ್ಕ ಕರೀತಾರ. ನಾಳೆ ನಿಮಗೇನರ ಆದ್ರ, ಒಬ್ಬರರ ಬಂದು ನಿಂದರ್ತಾರೇನು?”

“ನಿಂದರ್ತಾರ.”

“ಹೆಂಗ ಹೇಳ್ತೀರಿ?”

ಅಪ್ಪ ಒಳಗೆ ಹೋಗಿ, ಸ್ವೆಟರ್ ಬಿಚ್ಚದೆ ಹಾಗೇ ಮಲಗಿದ. ಆ ಪ್ರಶ್ನೆ ನನ್ನನ್ನೂ ಹಿಡಿದುಕೊಂಡಿತು. ಅಲ್ಲಿಂದ ಮುಂದೆ ಬೀದಿಯಲ್ಲಿ ಯಾರಾದರೂ ‘ಮೊಸರ್ ಸಾರ್’ ಎಂದು ನಕ್ಕಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇವರು ಬರುತ್ತಾರಾ? ಇವರು?

ಬೀದಿಯ ಕೊನೆಯಲ್ಲಿ ಒಂದು ಖಾಲಿ ಜಾಗವಿತ್ತು. ಬಡಾವಣೆಯ ನಕ್ಷೆಯಲ್ಲಿ ಅದನ್ನು ಮಕ್ಕಳ ಮೈದಾನಕ್ಕೆಂದು ಬಿಟ್ಟಿದ್ದರು. ನೆಲದ ಮೇಲೆ ಮಾತ್ರ ಅರ್ಧ ಜಾಲಿಮುಳ್ಳು, ಅರ್ಧ ಕಲ್ಲುಮಣ್ಣಿನ ಗುಡ್ಡೆ. ಉಳಿದ ಚೂರಿನಲ್ಲಿ ನಾವು ಲಗೋರಿ ಆಡುತ್ತಿದ್ದೆವು, ಮುನಿಯಮ್ಮನ ಹಸುಗಳು ಮೇಯುತ್ತಿದ್ದವು. ಮುನಿಯಮ್ಮ ಹೆಬ್ಬಾಳದ ಹಳೇ ಮನೆತನದವರು. ನಮ್ಮ ಬಡಾವಣೆ ಎದ್ದದ್ದೇ ಅವರಂಥವರ ಹೊಲಗಳ ಮೇಲೆ. ಬೆಳಗ್ಗೆ ಮನೆಮನೆಗೆ ಹಾಲು ಹಾಕಿ, ನಮ್ಮ ಮೆಟ್ಟಿಲ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿದೇ ಮುಂದೆ ಹೋಗುತ್ತಿದ್ದರು. ಅವ್ವನ ಗದಗಿನ ಮಾತು ಅವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಅವರ ಮಾತು ಅವ್ವನಿಗೆ ಅರ್ಧ. ಆದರೂ ಇಬ್ಬರೂ ತಪ್ಪದೆ ಮಾತಾಡುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ನಾವು ಲಗೋರಿ ಆಡುತ್ತಿದ್ದಾಗ ಲಾರಿಯೊಂದು ಬಂದು ಕಲ್ಲುಕಂಬಗಳನ್ನೂ ಚಪ್ಪಡಿಗಳನ್ನೂ ಧಡಧಡ ಇಳಿಸಿತು. ಹಿಂದೆಯೇ ಒಂದು ಜೀಪು. ಅದರಿಂದ ಇಳಿದ ಬಿಳಿ ಸಫಾರಿಯ ಮನುಷ್ಯ ನಾವು ಜೋಡಿಸಿಟ್ಟಿದ್ದ ಲಗೋರಿ ಬಿಲ್ಲೆಗಳನ್ನು ಕಾಲಿನಿಂದ ಒದ್ದು ಉರುಳಿಸಿದ.

“ಏಯ್, ನಡೀರಿ ನಡೀರಿ. ಸೋಮವಾರ ಕಾಂಪೌಂಡ್ ಹಾಕ್ತಿದೀವಿ. ಇನ್ಮೇಲೆ ಇಲ್ಲಿ ಯಾರೂ ಬರಂಗಿಲ್ಲ.”

“ಇದು ಆಟದ ಮೈದಾನ ಅಂಕಲ್,” ಅಂದೆ.

“ಯಾರ್ ಹೇಳಿದ್ದು?”

“ನಮ್ಮಪ್ಪ.”

“ನಿಮ್ಮಪ್ಪಂಗೆ ಹೇಳು, ಇದು ನನ್ ಸೈಟು ಅಂತ.”

ನಾನು ಓಡಿದೆ. ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿದ್ದು ಮನೆ ಮುಟ್ಟಿದ ಮೇಲೆ ಗೊತ್ತಾಯಿತು. ಅಂದು ಪವಾಡವೆಂಬಂತೆ ಅಪ್ಪ ಬಚ್ಚಲ ಬಾಗಿಲ ಮುಂದೆ ಕೂತು ಹೊಸ ಚಿಲಕಕ್ಕೆ ತೂತು ಕೊರೆಯುತ್ತಿದ್ದ. ಕೆಲಸ ಮುಗಿಯುವವರೆಗೆ ಮನೆ ಬಿಟ್ಟು ಕದಲಬಾರದೆಂದು ಅವ್ವ ಕಾವಲಿಗೆ ನಿಂತಿದ್ದಳು. ನಾನು ಏದುಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಅಪ್ಪ ಎದ್ದು ನಿಂತವನು ಅವ್ವನ ಮುಖ ನೋಡಿ ಮತ್ತೆ ಕೂತ. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ನಾನು ಅವ್ವನನ್ನು ನೋಡಿದೆ.

“ಹುಡುಗರು ಹೂಡಿದ ಬಿಲ್ಲಿ ಕಾಲಲೆ ಒದ್ದನ?”

“ಹೂಂ ಅವ್ವ.”

“ಏಳ್ರಿ,” ಅಂದಳು ಅಪ್ಪನಿಗೆ. “ಚಿಲಕ ಇರಲಿ. ಕುಲಕರ್ಣಿಯವರನ್ನ ಕರೀರಿ. ಮುನಿಯಮ್ಮಗ ನಾ ಹೇಳಿ ಬರ್ತೀನಿ.”

ಸಂಜೆಯ ಹೊತ್ತಿಗೆ ನಮ್ಮ ಮೇಜಿನ ಸುತ್ತ ಜಾಗವಿರಲಿಲ್ಲ. ಸರ್ಕಾರಿ ಆಫೀಸಿನಲ್ಲಿದ್ದ ಕುಲಕರ್ಣಿ ಅಂಕಲ್ ಧಾರವಾಡದ ಕಡೆಯವರು. ಇಸ್ತ್ರಿ ಮಾಡದ ಅಂಗಿಯಲ್ಲಿ ಅವರನ್ನು ಯಾರೂ ಕಂಡಿರಲಿಲ್ಲ. ಆರ್.ಟಿ. ನಗರದಲ್ಲಿ ಗೇಟು, ಕಿಟಕಿ ಮಾಡುವ ನಜೀರ್ ಭಾಯ್ ಬಂದಿದ್ದರು. ಮುನಿಯಮ್ಮ ಕುರ್ಚಿ ಬೇಡವೆಂದು ಹೊಸ್ತಿಲ ಮೇಲೆ ಕೂತಿದ್ದರು. ಕುಲಕರ್ಣಿ ಅಂಕಲ್ ಸೋಮವಾರ ಬೆಳಗ್ಗೆಯೇ ಅರ್ಜಿ ಕೊಡುತ್ತೇನೆ ಎಂದರು. ಅರ್ಜಿ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಗೋಡೆ ಎದ್ದಿರುತ್ತದೆ, ಎದ್ದ ಗೋಡೆಯನ್ನು ಕೆಡವಿಸಲು ನಮ್ಮ ಆಯಸ್ಸು ಸಾಲದು ಎಂದು ತಾವೇ ಸೇರಿಸಿದರು. ಆಗ ಚಹಾ ಬಸಿಯುತ್ತಿದ್ದ ಅವ್ವ ತಿರುಗದೆಯೇ ಅಂದಳು:

“ಅದು ಖಾಲಿ ಜಾಗ ಕಂಡದ್ದಕ್ಕ ಅಂವಾ ಬಂದಾನ. ಮಕ್ಕಳ ಮೈದಾನ ಕಂಡಿದ್ರ ಬರ್ತಿದ್ದಿಲ್ಲ. ನಾಳೆ ಒಂದ ದಿನ ಐತಿ. ಮೈದಾನ ಮಾಡ್ರಿ.”

ಅಪ್ಪ ಅವಳನ್ನೇ ನೋಡಿದ. ಆಮೇಲೆ ಕುರ್ಚಿ ಹಿಂದೆ ಬಿದ್ದರೂ ಲೆಕ್ಕಿಸದೆ ಎದ್ದು ಶೆಡ್ಡಿಗೆ ಓಡಿದ. ಅಲ್ಲಿ ಅವನು ವರ್ಷಗಳಿಂದ ಕೂಡಿಹಾಕಿದ್ದ ಪೈಪು, ಹಲಗೆ, ತಗಡು ತುಂಬಿದ್ದವು. ಅವ್ವ ಅದನ್ನು ಗುಜರಿ ಅಂಗಡಿ ಎಂದೇ ಕರೆಯುತ್ತಿದ್ದಳು. ಒಳಗಿನಿಂದ ದಡಬಡ ಸದ್ದು, ನಡುವೆ ಅವನ ಕೂಗು:

“ನಜೀರ್ ಭಾಯ್! ದಪ್ಪ ಪೈಪ್ ಐದಾವೆ! ಉಯ್ಯಾಲೆಗೆ ಸಾಕು!”

“ಚೈನ್ ನಂದು ಸಾರ್,” ಎಂದು ನಜೀರ್ ಭಾಯ್ ಇಲ್ಲಿಂದಲೇ ಕೂಗಿದರು. “ವೆಲ್ಡಿಂಗ್ ಮಿಷಿನ್ನೂ ತರ್ತೀನಿ. ನಿಮ್ಮನೆ ಕರೆಂಟು!”

“ಮುಳ್ಳು ಕೀಳಾಕೆ ನಮ್ ಐಕಳು ಬತ್ತವೆ,” ಅಂದರು ಮುನಿಯಮ್ಮ.

ಆ ಭಾನುವಾರದಂಥ ಭಾನುವಾರವನ್ನು ನಾನು ಮತ್ತೆ ನೋಡಿಲ್ಲ. ಬೆಳಗಾಗುವ ಮೊದಲೇ ಅರುಣ ನನ್ನನ್ನು ಎಬ್ಬಿಸಿದ. ಅವನು ಮಲಗಿದ್ದನೋ ಇಲ್ಲವೋ. ನಾವು ಹೋಗುವಷ್ಟರಲ್ಲಿ ಮುನಿಯಮ್ಮನ ಮಕ್ಕಳು, ಸೊಸೆಯರು, ನೆಂಟರು ಗುದ್ದಲಿ, ಹಾರೆ, ಕುಡುಗೋಲು ಹಿಡಿದು ಜಾಲಿಮುಳ್ಳಿನೊಳಗೆ ನುಗ್ಗಿದ್ದರು. ಕಡಿದ ಮುಳ್ಳನ್ನು ಎಳೆಯುವುದು ಒಂದು ಗುಂಪು, ಕಲ್ಲು ಹೊರುವುದು ಇನ್ನೊಂದು. ನಮ್ಮ ಮನೆಯ ಕಿಟಕಿಯಿಂದ ಹೊರಟ ವೈರು ಬೇಲಿಗಳ ಮೇಲೆ ಹಾದು, ಬೀದಿಯುದ್ದಕ್ಕೂ ನೇತಾಡಿ, ನಜೀರ್ ಭಾಯ್ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ ಯಂತ್ರವನ್ನು ಸೇರಿತು. ಮೊದಲ ಕಿಡಿ ಹಾರಿದಾಗ ಮಕ್ಕಳೆಲ್ಲ ಹೋ ಎಂದು ಕಿರುಚಿದೆವು. ‘ನೋಡ್ಬೇಡಿ! ಕಣ್ಣು ಹೋಗುತ್ತೆ!’ ಎಂದು ಅಪ್ಪ ಗದರಿದರೂ ನಾವು ಬೆರಳ ಸಂದಿಯಲ್ಲಿ ನೋಡಿದೆವು. ಅವ್ವ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡಿ ತಂದಳು. ಅವಳನ್ನು ನೋಡಿ ಇನ್ನೊಂದು ಮನೆಯವರು ಚಿತ್ರಾನ್ನ ತಂದರು, ಮತ್ತೊಬ್ಬರು ಕೊಡ ತುಂಬ ಮಜ್ಜಿಗೆ. ಎಂದೂ ಗೇಟು ತೆರೆಯದವರು ಅಂದು ಗೇಟು ತೆರೆದು ಬಂದರು. ಕುಲಕರ್ಣಿ ಅಂಕಲ್ ಇಸ್ತ್ರಿ ಅಂಗಿಯ ತೋಳು ಮಡಿಸಿ ಕಲ್ಲು ಹೊರುತ್ತಿದ್ದರು. ಒಂದೊಂದು ಕಲ್ಲಿಗೂ ‘ಅಯ್ಯಪ್ಪಾ’ ಅನ್ನುತ್ತಿದ್ದರು, ಆದರೆ ನಿಲ್ಲಿಸಲಿಲ್ಲ. ನಾನು ಎಲ್ಲರ ಮುಖಗಳನ್ನೂ ನೋಡುತ್ತ ಒಳಗೊಳಗೇ ಕುಣಿಯುತ್ತಿದ್ದೆ. ಇವರೂ ಬಂದರು! ಇವರೂ!

ಅಪ್ಪನ ಚಿಂತೆ ಒಂದೇ. ಕಂಬದ ಬುಡಕ್ಕೆ ಕಾಂಕ್ರೀಟು ಹಾಕಿದರೆ ಗಟ್ಟಿಯಾಗಲು ದಿನಗಳೇ ಬೇಕು, ನಮ್ಮ ಬಳಿ ಇದ್ದದ್ದು ಒಂದೇ ದಿನ. ಅದಕ್ಕೆ ಗುಂಡಿಗಳನ್ನು ಎದೆಮಟ್ಟ ತೋಡಿಸಿ, ಕಾಲುಗಳನ್ನು ಅಗಲವಾಗಿ ಓರೆಯಾಗಿ ನಿಲ್ಲಿಸಿ, ಸುತ್ತ ದಪ್ಪ ಕಲ್ಲು ಜಡಿದು, ಮಣ್ಣು ಹಾಕಿ, ನೀರು ಬಿಟ್ಟು, ಒನಕೆಯಿಂದ ಕುಟ್ಟಿಸಿದ. ಆಮೇಲೆ ಮಕ್ಕಳನ್ನೆಲ್ಲ ದೂರ ಕಳಿಸಿ, ಮೇಲಿನ ಅಡ್ಡಪೈಪಿಗೆ ತಾನೇ ಜೋತುಬಿದ್ದ. ಅದು ಅಲುಗಲಿಲ್ಲ. ಮುನಿಯಮ್ಮನ ದೊಡ್ಡ ಮಗನನ್ನು ಕರೆದು ಜೋತುಬೀಳಿಸಿದ. ಅಲುಗಲಿಲ್ಲ. ನಜೀರ್ ಭಾಯ್ ಓಡಿ ಬಂದು ಜೋತುಬಿದ್ದರು. ಮೂವರು ದೊಡ್ಡ ಗಂಡಸರು ತೋಟದ ಪಡವಲಕಾಯಿಗಳಂತೆ ನೇತಾಡುವುದನ್ನು ನೋಡಿ ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಅಪ್ಪ ಕೆಳಗೆ ಧುಮುಕಿ, ಬೆವರು ಒರೆಸಿಕೊಂಡು, ‘ಬರ್ರೋ!’ ಎಂದು ಕೂಗಿದ್ದೇ ತಡ, ನಾನು ಎಲ್ಲರನ್ನೂ ತಳ್ಳಿಕೊಂಡು ಹೋಗಿ ಮೊದಲ ಹಲಗೆ ಹಿಡಿದೆ. ಉಯ್ಯಾಲೆ ಮೇಲೆ ಹೋದಾಗ ಹೆಬ್ಬಾಳದ ಕೆರೆ ಒಂದು ಕ್ಷಣ ಹೊಳೆದು ಮಾಯವಾಯಿತು. ಮತ್ತೆ ಹೊಳೆಯಿತು. ಅಷ್ಟು ವರ್ಷ ಆಡಿದ ಜಾಗದಿಂದ ಕೆರೆ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ!

ಬಿಸಿಲು ಇಳಿಯುವ ಹೊತ್ತಿಗೆ ಜೀಪು ಬಂತು. ಸುದ್ದಿ ಮುಟ್ಟಿರಬೇಕು. ಹಿಂದೆ ಟ್ರ್ಯಾಕ್ಟರಿನಲ್ಲಿ ಕೆಲಸದವರು, ಅವರ ಹೆಂಗಸರು, ಮಕ್ಕಳು. ಎಲ್ಲರ ಕೈ ನಿಂತಿತು. ಸಫಾರಿಯವನು ಉಯ್ಯಾಲೆಯನ್ನೂ, ಪಕ್ಕದಲ್ಲಿ ಆಗತಾನೇ ನಿಂತಿದ್ದ, ಎರಡು ತುದಿಗೆ ಕೂತು ಏರಿಳಿಯುವ ಏತ-ಪಾತದ ಹಲಗೆಯನ್ನೂ, ನಮ್ಮನ್ನೂ ನೋಡಿದ. ಕೊನೆಗೆ ಅವನ ಕಣ್ಣು ಅಪ್ಪನ ಮೇಲೆ ನಿಂತಿತು. ಬಿಸಿಲಲ್ಲಿ ಬೆಂದು ಕೆಂಪಾಗಿದ್ದ ಅಪ್ಪ ಅಷ್ಟು ಜನರ ನಡುವೆ ಬೇರೆಯಾಗಿಯೇ ಕಾಣುತ್ತಿದ್ದ.

“ಓಹೋ, ನೀನಾ ಲೀಡರು? ಯಾವ ದೇಶದೋನಯ್ಯ ನೀನು? ಉಯ್ಯಾಲೆ ಕಟ್ಬೇಕಂದ್ರೆ ನಿಮ್ ದೇಶಕ್ಕೆ ಹೋಗಿ ಕಟ್ಟು. ನಮ್ಮೂರಲ್ಲಿ ನಿಂದೇನು?”

ನಾನು ಉಯ್ಯಾಲೆಯ ಮೇಲಿದ್ದೆ. ಅಪ್ಪನ ಬೆನ್ನು ನನಗೆ ಕಾಣುತ್ತಿತ್ತು. ಯಾವ ಮಾತಿಗೂ ಕೂಡಲೇ ಮಾತು ಎಸೆಯುತ್ತಿದ್ದ ಅಪ್ಪ ಸುಮ್ಮನೆ ನಿಂತುಬಿಟ್ಟ. ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿಕೊಂಡ. ಅವನ ಕಿವಿಗಳು ಬಿಸಿಲಿಗಿಂತ ಕೆಂಪಾದವು. ಯಾರೂ ಮುಂದೆ ಬರಲಿಲ್ಲ. ಅವ್ವ ಅಂದು ಕೇಳಿದ ಪ್ರಶ್ನೆ ಇದೇ ಅಲ್ಲವೇ! ಅವ್ವನನ್ನು ಹುಡುಕಿದೆ. ಅವಳು ಸೌಟು ಹಿಡಿದು ನಿಂತಿದ್ದಳು; ಅವಳೂ ಬೀದಿಯವರ ಮುಖಗಳನ್ನೇ ನೋಡುತ್ತಿದ್ದಳು.

ಮುನಿಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು.

“ಏನಪ್ಪಾ ಅಂದೆ? ಇನ್ನೊಂದ್ ಸಲ ಅನ್ನು, ನಂಗೂ ಕೇಳ್ಲಿ.”

“ನಿಮಗಲ್ಲ ಅಜ್ಜಿ, ಈ ಫಾರಿನ್ನೋನಿಗೆ.”

“ಯಾರಪ್ಪಾ ಫಾರಿನ್ನು? ನೀನು ನಿಂತಿದೀಯಲ್ಲ, ಇದು ನಮ್ ಮಾವನ ರಾಗಿ ಒಲ. ಇಲ್ಲಿ ಕಳೆ ಕಿತ್ತೋಳು ನಾನು. ಒಲ ಬಿಟ್ಕೊಡುವಾಗ ಮಕ್ಕಳಿಗೆ ಒಸಿ ಜಾಗ ಇರ್ತದೆ ಅಂದಿದ್ರು. ಅದು ಇದೇಯ. ನಮ್ ಯಜಮಾನ್ರು ತೀರ್ಕೊಂಡಾಗ ಎಣಕ್ಕೆ ಎಗಲು ಕೊಟ್ಟೋರು ಇವ್ರು. ನೀನ್ ಎಲ್ಲಿದ್ದೆ ಆಗ? ಇವ್ರು ನಮ್ಮೋರು. ನೀನು ಯಾವೂರೋನು, ಅದ್ ಯೋಳು ಮೊದ್ಲು!”

ನಜೀರ್ ಭಾಯ್ ಬಂದು ಅಪ್ಪನ ಪಕ್ಕ ನಿಂತರು. ಆ ಕಡೆ ಕುಲಕರ್ಣಿ ಅಂಕಲ್, ಅಂಗಿಯೆಲ್ಲ ಮಣ್ಣು. ಆಮೇಲೆ ಮಜ್ಜಿಗೆ ತಂದಿದ್ದವರು, ಜ್ವರದ ದಿನ ಮೋಟರಿಗೆ ಕರೆಯಲು ಬಂದಿದ್ದವರು, ಹೆಸರೇ ಗೊತ್ತಿಲ್ಲದವರು. ಅಪ್ಪನ ಬೆನ್ನು ನನಗೆ ಕಾಣದಾಯಿತು, ಅಷ್ಟು ಜನ. ಅವರ ನಡುವಿನಿಂದ ಅಪ್ಪನ ದನಿ ಕೇಳಿತು. ಜೋರಾಗೇನೂ ಇರಲಿಲ್ಲ.

“ನಂಗೆ ಹೋಗೋಕೆ ಬೇರೆ ಊರಿಲ್ಲ ಸ್ವಾಮಿ. ಇರೋದು ಇದೊಂದೇ. ಅದಕ್ಕೇ ಇದನ್ನ ಚೆನ್ನಾಗಿ ಇಟ್ಕೋಬೇಕು ಅಂತ.”

ಸಫಾರಿಯವನು ಕೆಲಸದವರ ಕಡೆ ತಿರುಗಿ ‘ಕೀಳ್ರೋ ಅದನ್ನ!’ ಎಂದು ಕೂಗಿದ. ಆಗ ಅವ್ವನ ಶಾಲೆಯ ದನಿ ಬೀದಿಯನ್ನು ತುಂಬಿತು.

“ಮಕ್ಕಳೇ! ಯಾರೂ ಇಳೀಬ್ಯಾಡ್ರಿ! ಆಡ್ರಿ!”

ನಾವು ಆಡಿದೆವು. ಜೀವಮಾನದಲ್ಲಿ ಅಷ್ಟು ಜೋರಾಗಿ ಆಡಿರಲಿಲ್ಲ. ಚೈನು ಕಿರಕಿರ ಅಂದಿತು, ಏತ-ಪಾತ ಧಪ್ ಧಪ್ ಅಂದಿತು. ಅಷ್ಟರಲ್ಲಿ ಟ್ರ್ಯಾಕ್ಟರಿನಲ್ಲಿ ಬಂದಿದ್ದ ಕೆಲಸದವರ ಮಕ್ಕಳು ಒಬ್ಬೊಬ್ಬರಾಗಿ ಕೆಳಗೆ ಧುಮುಕಿ ನಮ್ಮ ಕಡೆ ಓಡಿಬಂದರು. ನಾನು ಕಾಲೂರಿ ಉಯ್ಯಾಲೆ ನಿಲ್ಲಿಸಿ, ಹಲಗೆಯ ಮೇಲೆ ಸರಿದು, ಮೂಗು ಸೋರುತ್ತಿದ್ದ ಪುಟ್ಟ ಹುಡುಗಿಯೊಬ್ಬಳನ್ನು ಪಕ್ಕಕ್ಕೆ ಹತ್ತಿಸಿಕೊಂಡೆ. ಅವಳು ನನ್ನ ಲಂಗವನ್ನು ಬಿಗಿಯಾಗಿ ಹಿಡಿದಳು. ಕೆಲಸದವರ ಮೇಸ್ತ್ರಿ ಹಾರೆಯನ್ನು ನೆಲಕ್ಕೆ ಊರಿ ತಲೆ ಕೆರೆದುಕೊಂಡ.

“ಮಕ್ಳು ಕೂತವ್ರಲ್ಲ ಸಾ. ನಮ್ ಮಕ್ಳೂ ಕೂತವ್ರೆ. ಎಂಗೆ ಕೀಳೋದು?”

ಸಫಾರಿಯವನು ಇನ್ನೂ ಸ್ವಲ್ಪ ಹೊತ್ತು ಕೂಗಾಡಿದ. ಆಮೇಲೆ ಬಾಗಿಲನ್ನು ಧಡಾರೆಂದು ಹಾಕಿಕೊಂಡು ಜೀಪು ತಿರುಗಿಸಿದ. ಕೆಲಸದವರಿಗೆ ಅವ್ವ ಉಪ್ಪಿಟ್ಟು ಬಡಿಸಿದಳು. ಅವರು ಹೊರಟಾಗ ಆ ಪುಟ್ಟ ಹುಡುಗಿಯನ್ನು ಉಯ್ಯಾಲೆಯಿಂದ ಇಳಿಸುವಷ್ಟರಲ್ಲಿ ಸಾಕುಸಾಕಾಯಿತು.

ಅಲ್ಲಿಗೆ ಮುಗಿಯಲಿಲ್ಲ. ಅವನು ಮತ್ತೆ ಬರಬಹುದೆಂದು ಆ ಜಾಗವನ್ನು ಒಂದು ಗಳಿಗೆಯೂ ಖಾಲಿ ಬಿಡಬಾರದೆಂದು ಬೀದಿ ತೀರ್ಮಾನಿಸಿತು. ನಾವು ಶಾಲೆಗೆ ಹೋದ ಮೇಲೆ ಹೆಂಗಸರು ಅಕ್ಕಿ ಆರಿಸಲು, ಸ್ವೆಟರ್ ಹೆಣೆಯಲು ಅಲ್ಲಿಗೇ ಬಂದು ಕೂರುತ್ತಿದ್ದರು. ಮುನಿಯಮ್ಮ ಹಸುಗಳನ್ನು ಸರಿಯಾಗಿ ಆ ಕಲ್ಲುಕಂಬಗಳಿಗೇ ಕಟ್ಟುತ್ತಿದ್ದರು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಏತ-ಪಾತದ ಒಂದು ತುದಿಯಲ್ಲಿ ರಜೆ ಹಾಕಿದ ಕುಲಕರ್ಣಿ ಅಂಕಲ್, ಇನ್ನೊಂದು ತುದಿಯಲ್ಲಿ ಮುನಿಯಮ್ಮನ ಮೈದುನ, ಇಬ್ಬರೂ ಗಂಭೀರವಾಗಿ ರಾಜಕೀಯ ಮಾತಾಡುತ್ತ, ಏಳುತ್ತ ಇಳಿಯುತ್ತ ಇದ್ದರು. ಅವ್ವ ತನ್ನ ಪರೀಕ್ಷೆಯ ಪೇಪರುಗಳನ್ನು ಅಲ್ಲೇ ತಿದ್ದುತ್ತಿದ್ದಳು. ಅಪ್ಪ ಕಾರ್ಖಾನೆಯಿಂದ ನೇರವಾಗಿ ಅಲ್ಲಿಗೇ ಬಂದು, ಸೈಕಲ್ ನಿಲ್ಲಿಸಿ, ದಿನಕ್ಕೊಂದು ಹೊಸದನ್ನು ಕೂಡಿಸುತ್ತಿದ್ದ: ಇವತ್ತು ಜಾರುಬಂಡೆಯ ಏಣಿ, ನಾಳೆ ಅದರ ತಗಡು. ಬೀದಿಯಲ್ಲಿ ಯಾರೂ ಯಾರನ್ನೂ ಕೆಲಸಕ್ಕೆಂದು ಕರೆಯಬೇಕಾಗಿರಲಿಲ್ಲ. ನಮ್ಮ ಬಚ್ಚಲಿನ ಚಿಲಕವನ್ನು ಕೊನೆಗೆ ಹಾಕಿದ್ದು ನಜೀರ್ ಭಾಯ್. ಅಪ್ಪ ಮನೆಯಲ್ಲಿಲ್ಲದಾಗ ಬಂದು, ಹೇಳದೆ ಕೇಳದೆ ಹಾಕಿಹೋದರು.

ಮಳೆಗಾಲ ಶುರುವಾಗುವ ಮುಂಚೆ, ಕುಲಕರ್ಣಿ ಅಂಕಲ್ ಕೊಟ್ಟಿದ್ದ ಅರ್ಜಿಯ ಮೇಲೆ, ಸರ್ಕಾರದವರು ಬಂದು, ಸರಪಳಿ ಎಳೆದು ಅಳೆದು, ಇದು ಮೈದಾನವೇ ಎಂದು ಒಪ್ಪಿ, ಸುತ್ತ ತಂತಿ ಬೇಲಿ ಹಾಕಿಸಿದರು. ಸಫಾರಿಯವನು ಕಲ್ಲುಗಳನ್ನು ಒಯ್ಯಲು ಲಾರಿ ಕಳಿಸಿದ. ತಾನೂ ಬಂದು ದೂರದಲ್ಲಿ ನಿಂತಿದ್ದ. ಕ್ಲೀನರ್ ಒಬ್ಬನೇ ಚಪ್ಪಡಿ ಎತ್ತಲು ಒದ್ದಾಡುವುದನ್ನು ನೋಡಿ ಅಪ್ಪ ಹೋಗಿ ಇನ್ನೊಂದು ತುದಿಗೆ ಕೈ ಹಾಕಿದ. ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದ್ದಕ್ಕೆ, ‘ಕಲ್ಲು ಭಾರ ಇತ್ತಲ್ಲವ್ವ’ ಅಂದ, ಅಷ್ಟೇ. ನಾನು ಈಗ ಸಹಕಾರನಗರದಲ್ಲಿದ್ದೇನೆ. ಬೀದಿಯಲ್ಲಿ ಏನಾದರೂ ಆದಾಗ ಮನೆಯೊಳಗೆ ಸುಮ್ಮನೆ ಕೂರಲು ನನ್ನಿಂದ ಆಗುವುದಿಲ್ಲ. ನನ್ನ ಮಕ್ಕಳು ಇದಕ್ಕೆ ನನ್ನನ್ನು ಗೇಲಿ ಮಾಡುತ್ತಾರೆ. ಅವರಿಗೆ ನಾನು ಆ ಬೇಲಿ ಹಾಕಿಸಿದ ದಿನದ ಸಂಜೆಯ ಕತೆಯನ್ನು ಹೇಳುತ್ತೇನೆ.

ಅಂದು ಆಡಿ ದಣಿದ ಮಕ್ಕಳನ್ನೆಲ್ಲ ಅವರವರ ಅಮ್ಮಂದಿರು ಊಟಕ್ಕೆ ಕರೆದೊಯ್ದಿದ್ದರು. ಮೈದಾನದಲ್ಲಿ ಉಳಿದದ್ದು ನಾವು ನಾಲ್ವರು ಮತ್ತು ಹಸು ಬಿಚ್ಚುತ್ತಿದ್ದ ಮುನಿಯಮ್ಮ. ಅವ್ವ ಉಯ್ಯಾಲೆಯ ಹತ್ತಿರ ಹೋಗಿ ಹಲಗೆಯನ್ನು ಕೈಯಿಂದ ಒತ್ತಿ ನೋಡಿದಳು. ಅತ್ತ ಇತ್ತ ಕಣ್ಣಾಡಿಸಿದಳು. ಮಗ್ಗಿ ತಪ್ಪಿದರೆ ಬೆತ್ತ ತೋರಿಸುವ ನಮ್ಮ ಅವ್ವ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಒಟ್ಟುಮಾಡಿ ಹಿಡಿದು, ಉಯ್ಯಾಲೆಯ ಮೇಲೆ ಕೂತಳು. ಅರುಣ ನನ್ನ ಕೈ ಜಿಗುಟಿದ. ಅಪ್ಪ ಮೆಲ್ಲಗೆ ಹಿಂದೆ ಹೋಗಿ ನಿಂತು, ಒಡೆಯುವ ಸಾಮಾನನ್ನು ಮುಟ್ಟುವವನಂತೆ ಒಂದು ಸಲ ದೂಡಿದ. ಇನ್ನೊಂದು ಸಲ ದೂಡಿದ. ಅವಳ ಕೂದಲ ಗಂಟು ಬಿಚ್ಚಿಕೊಂಡಿತು. ಮುನಿಯಮ್ಮ ಹಗ್ಗ ಹಿಡಿದವರು ಹಾಗೇ ನಿಂತು ನೋಡಿದರು.

“ಸಾಕೇನು ಗಿರಿಜಾ?” ಎಂದು ಅಪ್ಪ ಕೇಳಿದ.

ಅವ್ವ ಮೇಲೆ ಹೋದವಳು ಅಲ್ಲಿಂದಲೇ ಕೂಗಿದಳು.

“ಅಯ್ಯ, ಕೆರಿ ಕಾಣಾಕತ್ತೈತ್ರಿ! ಇನ್ನೂ ಜೋರ ದೂಡ್ರಿ!”